ಕ್ಯಾನುಲಾ ಹಾಕಿದ ಮೇಲೆ

ವಾರ್ಡಿನಲ್ಲಿ ಹೆಸರು ಬರುವುದು ಒಂದೇ ಸಲಕ್ಕೆ ವೇನ್ (ರಕ್ತನಾಳ) ಹಿಡಿಯುವವರಿಗೆ. "ಆ ಸಿಸ್ಟರ್ ಕೈ ಹಗುರ" ಅಂತಾರೆ. ನನ್ನ ಪ್ರಕಾರ ಕ್ಯಾನುಲಾ, ಅಂದರೆ ಡ್ರಿಪ್ ಹರಿಸಲು ವೇನೊಳಗೆ ಬಿಡುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಚುಚ್ಚುವುದು ಅರ್ಧ ಕೆಲಸ. ಮಿಕ್ಕಿದ್ದು ಆಮೇಲೆ ಶುರು.

ಜ್ವರಕ್ಕೋ ಆಂಟಿಬಯಾಟಿಕ್‌ಗೋ ಬಂದವರಿಗೆ 22 ಗೇಜಿನ (ನಂಬರ್ ಹೆಚ್ಚಾದಷ್ಟೂ ಸಣ್ಣದು) ನೀಲಿ, ಇಲ್ಲವೇ 20ರ ಪಿಂಕ್ ಸಾಕು. ಸುಮ್ನೆ ದಪ್ಪದ್ದು ಹಾಕಿದರೆ ರಕ್ತನಾಳದ ಒಳಗೋಡೆ ಉಜ್ಜಿ ಬೇಗ ಕೆಂಪಾಗುತ್ತದೆ. ಮಣಿಕಟ್ಟು, ಮೊಣಕೈ ಮಡಿಕೆ ಬಿಟ್ಟು ಮುಂದೋಳಲ್ಲಿ ಹುಡುಕುತ್ತೇನೆ. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಫಿಸ್ಟುಲಾ ಇರುವ ಕೈಗೆ ಹೋಗುವುದೇ ಇಲ್ಲ.

ವಯಸ್ಸಾದವರಿಗೆ ಮೈಯಲ್ಲಿ ನೀರು ಬತ್ತಿದಾಗ ವೇನ್ ಕಾಣುವುದಿಲ್ಲ. ಕೈಯನ್ನು ಮಂಚದಿಂದ ಇಳಿಬಿಟ್ಟು, ಬೆಚ್ಚಗಿನ ಬಟ್ಟೆ ಸುತ್ತಿ ಕಾಯುತ್ತೇನೆ. ಕಣ್ಣಿಗಿಂತ ಬೆರಳನ್ನು ಜಾಸ್ತಿ ನಂಬುತ್ತೇನೆ. ಒತ್ತಿ ಬಿಟ್ಟರೆ ಪುಟಿಯಬೇಕು. ಕ್ಲೋರ್‌ಹೆಕ್ಸಿಡಿನ್ (ಕ್ರಿಮಿನಾಶಕ) ಒರೆಸಿದ ಮೇಲೆ ತಾನಾಗಿ ಒಣಗಬೇಕು. ಊದುವುದು, ಮತ್ತೆ ಬೆರಳಿಟ್ಟು ನೋಡುವುದು, ಎರಡೂ ಬೇಡ. ಸೂಜಿಯ ಹಿಂದಿನ ಚೇಂಬರಲ್ಲಿ ರಕ್ತ ಕಂಡ ಕೂಡಲೇ ಸೂಜಿಯ ಕೋನ ತಗ್ಗಿಸಿ, ಒಂದೆಳೆಯಷ್ಟು ಮುಂದೆ ತಳ್ಳಿ, ಆಮೇಲೆ ಸೂಜಿಯ ಮೇಲಿನ ಪ್ಲಾಸ್ಟಿಕ್ ಕೊಳವೆ ಮಾತ್ರ ಜಾರಿಸುತ್ತೇನೆ. ಹಿಂದೆಳೆದ ಸೂಜಿಯನ್ನು ಮತ್ತೆ ತೂರಿಸಿದರೆ ಕ್ಯಾನುಲಾ ಸೀಳಿ, ತುಂಡು ಒಳಗೇ ಉಳಿಯಬಹುದು. ಸಿಗಲಿಲ್ಲವಾ, ಹೊಸದು ತೆಗೆಯಬೇಕು. ಎರಡು ಸಲಕ್ಕೂ ಸಿಗದಿದ್ದರೆ ಇನ್ನೊಬ್ಬರನ್ನು ಕರೆಯುತ್ತೇನೆ.

ಬಾಟ್ಲಿ ಏರಿಸಿದ ಮೇಲೆ ಗಡಿಯಾರ ಹಿಡಿದು ಹನಿ ಎಣಿಸುವುದು. 500 ಎಂಎಲ್, 4 ಗಂಟೆ, ಎಂಎಲ್‌ಗೆ 20 ಹನಿಯ ಸೆಟ್ (ಬಾಟ್ಲಿಯಿಂದ ಕೈಗೆ ಬರುವ ಟ್ಯೂಬ್) ಅಂದರೆ ನಿಮಿಷಕ್ಕೆ ಸುಮಾರು 42. ಸೆಟ್ಟಿನ ಕವರ್ ಓದಲೇಬೇಕು. 15 ಹನಿಯದ್ದೂ ಬರುತ್ತದೆ, ಮೈಕ್ರೋ ಸೆಟ್ಟಲ್ಲಿ 60. ಆದರೆ ನಾನು ಆ ಕಡೆ ಹೋದರೆ ಸಾಕು, ಮನೆಯವರು ಹನಿಯ ವೇಗ ಬದಲಿಸುವ ರೋಲರ್ ತಿರುಗಿಸಿರುತ್ತಾರೆ. "ಬೇಗ ಮುಗೀಲಿ ಅಂತ, ಸಿಸ್ಟರ್." ಹಾರ್ಟ್, ಕಿಡ್ನಿ ತೊಂದರೆ ಇರುವವರಿಗೆ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದಕ್ಕೇ ಮೊದಲೇ ಹೇಳಿ, ಬಾಟ್ಲಿಗೆ ಟೇಪ್ ಅಂಟಿಸಿ ಗಂಟೆ ಬರೆದಿಡುತ್ತೇನೆ.

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಗಳಗಂಟಿ. ಆಂಪ್ಯೂಲಿಂದ ನೇರ ವೇನಿಗೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಬಾಟ್ಲಿಗೆ ಹಾಕಿ, ತಲೆಕೆಳಗು ಮಾಡಿ ಮಾಡಿ ಬೆರೆಸಬೇಕು. ಇಲ್ಲದಿದ್ದರೆ ಅದು ತಳದಲ್ಲೇ ನಿಂತು ಮೊದಲ ಹನಿಗಳಲ್ಲೇ ಜಾಸ್ತಿ ಇಳಿಯುತ್ತದೆ. ನನ್ನ ಡ್ಯೂಟಿಯಲ್ಲಿ ವೇಗ ಹಿಡಿದಿಡುವ ಪಂಪ್ ಇಲ್ಲದೆ ಅದನ್ನು ಬಿಡುವುದಿಲ್ಲ.

ಪ್ರತಿ ಶಿಫ್ಟಿನ ಶುರುವಿಗೆ ಹೊದಿಕೆ ಸರಿಸಿ ಜಾಗ ನೋಡುತ್ತೇನೆ. ನೋವು, ಕೆಂಪು, ಊತ, ಇವುಗಳಲ್ಲಿ ಎರಡು ಕಂಡರೆ ಕ್ಯಾನುಲಾ ತೆಗೆದೇಬಿಡುವುದು. ಕೈ ತಣ್ಣಗೆ ಬಿಗಿದುಕೊಂಡಿದ್ದರೆ ನೀರು ಹೊರಗೆ ಸೋರುತ್ತಿದೆ. ಆಗ ಡ್ರಿಪ್ ನಿಧಾನ ಮಾಡಿದರೆ ಆಗಲ್ಲ, ನಿಲ್ಲಿಸಬೇಕು. ಮಾತ್ರೆಗೆ ಬದಲಾದ ರೋಗಿಯ ಕೈಯಲ್ಲಿ ಕ್ಯಾನುಲಾ ಯಾಕಿರಬೇಕು ಅಂತ ರೌಂಡ್ಸಲ್ಲಿ ಕೇಳುತ್ತೇನೆ. "ಇರಲಿ ಬಿಡಿ, ನಾಳೆ ಬೇಕಾದೀತು" ಅಂದರೆ ಸಂಜೆ ಮತ್ತೆ ಕೇಳುತ್ತೇನೆ.