ಟ್ಯೂಬಿಫೆಕ್ಸ್ ಹುಳುವಿನಲ್ಲಿ ಮೀನಿನ ಪರಜೀವಿಯನ್ನು ಹುಡುಕುವ ವಿಧಾನ

ಟ್ರೌಟ್ ಮೀನಿನ ಮರಿಗಳ ಬಾಲ ಕಪ್ಪಾಗಿ, ಅವು ಗಿರಗಿರನೆ ಸುತ್ತುತ್ತಾ ಸಾಯುವ ಸುತ್ತುರೋಗ ಜರ್ಮನಿಯಲ್ಲಿ 1893ರಲ್ಲೇ ಕಂಡುಬಂದಿತ್ತು. ಆದರೆ ಅದಕ್ಕೆ ಕಾರಣವಾದ ಮಿಕ್ಸೊಬೋಲಸ್ ಸೆರೆಬ್ರಾಲಿಸ್ ಎಂಬ ಪರಜೀವಿ ಮೀನಿನಿಂದ ಮೀನಿಗೆ ನೇರವಾಗಿ ದಾಟುವುದಿಲ್ಲ, ನಡುವೆ ಕೆಸರಿನಲ್ಲಿ ಬದುಕುವ ಟ್ಯೂಬಿಫೆಕ್ಸ್ ಹುಳು ಇರಲೇಬೇಕು ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ವುಲ್ಫ್ ಮತ್ತು ಮಾರ್ಕಿವ್ 1984ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಹುಳುವಿನೊಳಗಿನ ರೂಪವನ್ನು ಬೇರೆಯೇ ವರ್ಗದ ಜೀವಿಯೆಂದು ಭಾವಿಸಲಾಗಿತ್ತು. ಆದ್ದರಿಂದ ಮರಿಗಳು ಸಾಯುತ್ತಿರುವ ಕೊಳದಲ್ಲಿ ಮೀನಿನಷ್ಟೇ ಶ್ರದ್ಧೆಯಿಂದ ಕೆಸರನ್ನೂ ಪರೀಕ್ಷಿಸಬೇಕು.

ನೀರು ನಿಧಾನವಾಗಿ ಹರಿದು ಹೂಳು ನಿಲ್ಲುವ ಮೂಲೆಯಿಂದ ಕೆಸರನ್ನು ತೆಗೆದು, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದರೆ ಕೆಂಪು ದಾರದಂತಹ ಹುಳುಗಳು ಉಳಿಯುತ್ತವೆ. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿನ ಆಹಾರವಾಗಿ ಸಿಗುವುದೂ ಇದೇ ಬಳಗದ ಹುಳು. ಪ್ರಯೋಗಾಲಯದ ಗುಳಿತಟ್ಟೆಯ ಒಂದೊಂದು ಗುಳಿಗೆ ಒಂದೊಂದು ಹುಳುವನ್ನು ಹಾಕಿ, ಕ್ಲೋರಿನ್ ಇಲ್ಲದ ನೀರನ್ನು ತುಂಬಿ, ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಗುಳಿಗಳನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸೋಂಕಿದ ಹುಳುವಿನ ಗುಳಿಯಲ್ಲಿ ಟ್ರಯಾಕ್ಟಿನೊಮಿಕ್ಸಾನ್ ಬೀಜಾಣುಗಳು ತೇಲುತ್ತಿರುತ್ತವೆ: ಒಂದು ಕಾಂಡ, ಅದರ ಬುಡದಿಂದ ಹರಡಿಕೊಂಡ ಮೂರು ಉದ್ದನೆಯ ಬಾಲಗಳು, ತುದಿಯಲ್ಲಿ ಮೂರು ಪುಟ್ಟ ಕೋಶಗಳು. ಮೀನಿನ ಚರ್ಮ ತಗುಲಿದೊಡನೆ ಆ ಕೋಶಗಳಿಂದ ಎಳೆಗಳು ಚಿಮ್ಮಿ ಅಂಟಿಕೊಳ್ಳುತ್ತವೆ. ಒಳಹೊಕ್ಕ ಪರಜೀವಿ ನರಗಳ ಮೂಲಕ ಸಾಗಿ ಮರಿಯ ಮೃದ್ವಸ್ಥಿಯನ್ನು ತಿನ್ನುತ್ತದೆ.

ಮೊದಲ ದಿನ ಏನೂ ಕಾಣಲಿಲ್ಲವೆಂದು ಕೊಳ ಶುದ್ಧವಾಗಿದೆ ಎಂದು ತೀರ್ಮಾನಿಸುವುದು ಖಂಡಿತ ಸರಿಯಲ್ಲ. ಸತ್ತ ಮೀನಿನಿಂದ ಕೆಸರು ಸೇರಿ ಹುಳು ನುಂಗಿದ ಬೀಜಾಣು ಅದರ ಕರುಳಿನಲ್ಲಿ ಬೆಳೆದು ಹೊರಬೀಳಲು ಇದೇ ಉಷ್ಣತೆಯಲ್ಲಿ ಸುಮಾರು ಮೂರು ತಿಂಗಳು ಬೇಕಾಗುವುದರಿಂದ, ಹುಳುಗಳನ್ನು ಸಾಕಿಕೊಂಡು ಪರೀಕ್ಷೆಯನ್ನು ವಾರವಾರವೂ ಮುಂದುವರಿಸಬೇಕು. ಇದೇ ಆಕಾರದ ಬೀಜಾಣು ಬೇರೆ ಪರಜೀವಿಗಳಲ್ಲೂ ಇರುವುದರಿಂದ ಪಿಸಿಆರ್ ಪರೀಕ್ಷೆಯಿಲ್ಲದೆ (ಡಿಎನ್ಎಯಿಂದ ಜೀವಿಯನ್ನು ಗುರುತಿಸುವ ಪರೀಕ್ಷೆ) ಹೆಸರು ಹೇಳಬಾರದು.

ಸೋಂಕು ಖಚಿತವಾದರೆ, ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಾಗುವವರೆಗೆ ಮರಿಗಳನ್ನು ಕಾಂಕ್ರೀಟ್ ತೊಟ್ಟಿಯಲ್ಲಿ, ಬಾವಿ ಅಥವಾ ಮುಚ್ಚಿದ ಚಿಲುಮೆಯ ನೀರಿನಲ್ಲಿ ಬೆಳೆಸುವುದೇ ನನ್ನ ದೃಷ್ಟಿಯಲ್ಲಿ ಅತ್ಯಂತ ಭರವಸೆಯ ದಾರಿ. ಹೂಳಿಲ್ಲದ ಕಡೆ ಹುಳು ನೆಲೆಸಲಾರದು. ಸತ್ತ ಮೀನನ್ನು ನೀರಿಗೆ ಎಸೆಯಬಾರದು. ಅದರಲ್ಲಿರುವ ಬೀಜಾಣು ಹಕ್ಕಿಯ ಹೊಟ್ಟೆಯನ್ನು ಹಾದು ಬಂದರೂ ಜೀವಂತವಾಗಿರಬಲ್ಲದು. ಪರೀಕ್ಷೆ ಮುಗಿದ ಹುಳು, ನೀರು ಮತ್ತು ಕೆಸರನ್ನು ಚೆನ್ನಾಗಿ ಕುದಿಸಿದ ನಂತರವೇ ಹೊರಗೆ ಚೆಲ್ಲಬೇಕು.