ಎಸಿ ತಣ್ಣಗಾಗುತ್ತಿಲ್ಲವಾ? ಗ್ಯಾಸ್ ಹಾಕಿಸುವ ಮೊದಲು ಇಷ್ಟು ಅಳೆದು ನೋಡಿ

ಏಪ್ರಿಲ್ ಬಂದರೆ ಮಂಗಳೂರಿನಲ್ಲಿ ಸೆಕೆ ಶುರು, ಅದರ ಹಿಂದೆಯೇ ನನ್ನ ಫೋನ್ ಶುರು. "ಎಸಿ ಕೂಲಿಂಗ್ ಇಲ್ಲ ಮಾರಾಯ್ರೆ, ಸ್ವಲ್ಪ ಗ್ಯಾಸ್ ಹಾಕಿ ಹೋಗಿ." ರೋಗವನ್ನೂ ಅವರೇ ಹೇಳುತ್ತಾರೆ, ಮದ್ದನ್ನೂ ಅವರೇ ಹೇಳುತ್ತಾರೆ. ಅವರದ್ದೇನೂ ತಪ್ಪಿಲ್ಲ, ನಮ್ಮ ಕಸುಬಿನವರೇ ಕಲಿಸಿಕೊಟ್ಟ ಮಾತು ಅದು. ಆದರೆ ಎಸಿ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಓಡಿದಷ್ಟೂ ಮುಗಿಯುವ ವಸ್ತು ಅಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಾ ಇರುತ್ತದೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ನಾನೂ ಈ ತಪ್ಪು ಮಾಡಿದವನೇ. ಮಲ್ಪೆ ಹತ್ತಿರ ಒಂದು ಮನೆ, ಆರ್410ಎ ಗ್ಯಾಸಿನ ಒಂದೂವರೆ ಟನ್ ಎಸಿ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದೆ, 95 ಪಿಎಸ್‌ಐ. ಸಾಮಾನ್ಯವಾಗಿ 120ರಿಂದ 140ರ ಒಳಗೆ ಇರಬೇಕಾದದ್ದು. "ಗ್ಯಾಸ್ ಕಮ್ಮಿ ಉಂಟು ಅಕ್ಕ" ಅಂದೆ, ಹಾಕಿದೆ, ದುಡ್ಡು ತಗೊಂಡು ಬಂದೆ. ಮೂರನೇ ದಿನ ಫೋನ್, ಎಸಿಯಿಂದ ಹಾಸಿಗೆ ಮೇಲೆ ನೀರು ಬೀಳ್ತಾ ಉಂಟು ಅಂತ. ಹೋಗಿ ಮುಚ್ಚಳ ತೆಗೆದರೆ ಕಾಯಿಲ್ ಪೂರ್ತಿ ಐಸ್, ಫಿಲ್ಟರ್ ಮೇಲೆ ಕಂಬಳಿಯಂಥ ಧೂಳು, ಬ್ಲೋವರ್ ಚಕ್ರದ ಎಲೆಗಳ ನಡುವೆ ಗಾಳಿ ಹೋಗಲು ಜಾಗವೇ ಇಲ್ಲ. ಗ್ಯಾಸ್ ಸರಿಯಾಗಿಯೇ ಇತ್ತು. ನಾನು ಜಾಸ್ತಿ ಮಾಡಿ ಬಂದಿದ್ದೆ.

ಸ್ವಲ್ಪ ದಿನ ಬಿಟ್ಟು ಉಳ್ಳಾಲದಲ್ಲಿ ಇನ್ನೊಂದು ಮನೆ. ಅದೇ ಗ್ಯಾಸ್, ಅದೇ ಟನ್, ಗೇಜಿನಲ್ಲಿ ಅದೇ 95. ಅಲ್ಲಿ ನಿಜವಾಗಿಯೂ ಗ್ಯಾಸ್ ಸೋರಿತ್ತು. ಗೇಜ್ ಎರಡೂ ಕಡೆ ಒಂದೇ ಮಾತು ಹೇಳಿತು. ಬೇರೆ ಮಾತು ಹೇಳಿದ್ದು ಪೈಪಿಗೆ ಕಟ್ಟಿದ ಥರ್ಮಾಮೀಟರ್. ಮಲ್ಪೆಯಲ್ಲಿ ದಪ್ಪ ಪೈಪ್ 0 ಡಿಗ್ರಿ, ಉಳ್ಳಾಲದಲ್ಲಿ 19 ಡಿಗ್ರಿ. ಮಲ್ಪೆಯಲ್ಲಿ ಅದನ್ನು ಅಳೆದದ್ದು ಎರಡನೇ ಸಲ ಹೋದಾಗ, ಅಷ್ಟರಲ್ಲಿ ಮರ್ಯಾದೆ ಹೋಗಿ ಆಗಿತ್ತು.

ಗೇಜ್ ಇಲ್ಲದೆ ಎಷ್ಟು ತಿಳಿಯಬಹುದು ಅನ್ನುವುದನ್ನು ಮೊದಲು ನೋಡೋಣ, ಮನೆಯವರೂ ಇಷ್ಟು ಮಾಡಬಹುದು. ಫಿಲ್ಟರ್ ತೊಳೆಯಿರಿ. ಎಸಿಯನ್ನು ಕೂಲ್ ಮೋಡಿನಲ್ಲಿ 16 ಡಿಗ್ರಿಗೆ ಇಟ್ಟು, ಫ್ಯಾನ್ ಹೈನಲ್ಲಿಟ್ಟು, ಬಾಗಿಲು ಹಾಕಿ 15 ನಿಮಿಷ ಬಿಡಿ. ಆಮೇಲೆ ಒಳಗಿನ ಯೂನಿಟ್ ಮೇಲಿನಿಂದ ಗಾಳಿ ಎಳೆಯುವ ಜಾಗದಲ್ಲಿ ಒಂದು ಸಲ, ತಣ್ಣನೆ ಗಾಳಿ ಬರುವ ಬಾಯಲ್ಲಿ ಒಂದು ಸಲ ಉಷ್ಣತೆ ನೋಡಿ. ಇನ್ನೂರು ಮುನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಸಾಕು.

ಇಲ್ಲಿ ನಮ್ಮ ಊರಿನ ಒಂದು ತಕರಾರು ಉಂಟು. ವಿಡಿಯೋಗಳಲ್ಲಿ 12ರಿಂದ 15 ಡಿಗ್ರಿ ವ್ಯತ್ಯಾಸ ಬರಬೇಕು ಅಂತ ಹೇಳುತ್ತಾರೆ. ಒಣ ಹವೆಯ ಕಲಬುರಗಿಯಲ್ಲಿ ಬಂದೀತು. ಮೇ ತಿಂಗಳ ಮಂಗಳೂರಿನಲ್ಲಿ, ಕಿಟಕಿ ಆಗಷ್ಟೇ ಮುಚ್ಚಿದ ಕೋಣೆಯಲ್ಲಿ, 8 ಬಂದರೂ ಮೆಷಿನ್ ಸರಿಯಾಗಿಯೇ ಇರಬಹುದು. ಯಾಕೆಂದರೆ ಎಸಿಯ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಗಾಳಿಯನ್ನು ತಣ್ಣಗೆ ಮಾಡುವುದರ ಬದಲು ಗಾಳಿಯ ತೇವವನ್ನು ನೀರು ಮಾಡುವುದಕ್ಕೇ ಹೋಗುತ್ತದೆ. ಒಂದೂವರೆ ಟನ್ ಅಂದರೆ ಸುಮಾರು 5.3 ಕಿಲೋವ್ಯಾಟ್ ತಂಪು. ಗಂಟೆಗೆ ಎರಡು ಲೀಟರ್ ನೀರು ಇಳಿಸಿದರೆ ಅದರಲ್ಲಿ 1.4 ಕಿಲೋವ್ಯಾಟಿನ ಹತ್ತಿರ ಅಲ್ಲಿಗೇ ಮುಗಿಯಿತು. ಥರ್ಮಾಮೀಟರಿಗೆ ಅದು ಕಾಣುವುದಿಲ್ಲ.

ಹಾಗಾಗಿ ನಾನು ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಡುತ್ತೇನೆ. ಗಾಳಿಯ ವ್ಯತ್ಯಾಸ 8 ಇದ್ದು ಬಕೆಟಿಗೆ ಧಾರೆ ಬೀಳುತ್ತಿದ್ದರೆ ಗ್ಯಾಸಿನ ಮಾತೇ ಬೇಡ, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಕೋಣೆ ಒಣಗಿದಂತೆ ವ್ಯತ್ಯಾಸ 10, 11ಕ್ಕೆ ಬರುತ್ತದೆ. ವ್ಯತ್ಯಾಸ 5, ಬಕೆಟಿನಲ್ಲಿ ನಾಲ್ಕು ಹನಿ ಅಂದರೆ ಮಾತ್ರ ಏನೋ ತೊಂದರೆ ಉಂಟು. ಅಂದ ಹಾಗೆ ಆ ನೀರನ್ನು ಚೆಲ್ಲಬೇಡಿ. ನಮ್ಮ ಮನೆಯ ಶಂಕರಪುರ ಮಲ್ಲಿಗೆ ಗಿಡ ಬೇಸಿಗೆ ಕಳೆಯುವುದು ಅದರಲ್ಲೇ.

ಇನ್ನು ಹೊರಗೆ ಹೋಗಿ ಔಟ್‌ಡೋರ್ ಯೂನಿಟಿನ ಬದಿಯ ಎರಡು ಪೈಪ್ ನೋಡಿ, ಒಂದು ಸಪೂರ, ಒಂದು ದಪ್ಪ. ಸಾಮಾನ್ಯ ಸ್ಪ್ಲಿಟ್ ಎಸಿಯಲ್ಲಿ ಕ್ಯಾಪಿಲ್ಲರಿ, ಅಂದರೆ ಗ್ಯಾಸಿನ ಒತ್ತಡ ಇಳಿಸುವ ತೀರಾ ಸಣ್ಣ ಕೊಳವೆ, ಔಟ್‌ಡೋರಿನ ಒಳಗೇ ಇರುವುದರಿಂದ ಎರಡೂ ತಣ್ಣಗಿದ್ದು ಬೆವರಬೇಕು. ಸಪೂರ ಪೈಪಿನ ವಾಲ್ವ್ ಮೇಲೆ ಬಿಳಿ ಹಿಮ ಕೂತು ದಪ್ಪ ಪೈಪ್ ಒಣಗಿದ್ದರೆ ಗ್ಯಾಸ್ ಕಮ್ಮಿಯ ಗುಮಾನಿ. ದಪ್ಪ ಪೈಪಿಗೇ ಐಸ್ ಹಿಡಿದಿದ್ದರೆ ಒಳಗೆ ಗಾಳಿ ಓಡುತ್ತಿಲ್ಲ. ಇಷ್ಟನ್ನು ಕಣ್ಣಿನಲ್ಲೇ ನೋಡಬಹುದು. ಮಲ್ಪೆಯಲ್ಲಿ ನಾನು ನೋಡಲಿಲ್ಲ ಅಷ್ಟೇ.

ಇಲ್ಲಿಂದ ಮುಂದೆ ಗೇಜ್ ಹಿಡಿಯುವವರಿಗೆ. ಮನೆಯವರು ಓದಿಕೊಳ್ಳಿ, ಆದರೆ ಕೈ ಹಾಕಬೇಡಿ. ಆರ್32 ಬೆಂಕಿ ಹಿಡಿಯಬಲ್ಲ ಗ್ಯಾಸ್, ದ್ರವ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಆಗುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಎಸಿ ನಿಲ್ಲಿಸಿ ಗೇಜ್ ನೋಡಿ "ಸ್ಟ್ಯಾಂಡಿಂಗ್ ಪ್ರೆಶರ್ 250 ಉಂಟು, ಗ್ಯಾಸ್ ಫುಲ್" ಅನ್ನುವವರು ಇದ್ದಾರೆ. ಅದು ಸುಳ್ಳು ಲೆಕ್ಕ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, 30 ಡಿಗ್ರಿ ಹವೆಯಲ್ಲಿ ಆರ್32 ಸುಮಾರು 265, ಆರ್410ಎ ಸುಮಾರು 260, ಆರ್22 ಸುಮಾರು 158 ಪಿಎಸ್‌ಐ ತೋರಿಸುತ್ತದೆ. ಅರ್ಧ ತುಂಬಿದ ಅಡುಗೆ ಗ್ಯಾಸ್ ಸಿಲಿಂಡರಿನ ಒತ್ತಡವೂ ಪೂರ್ತಿ ತುಂಬಿದ್ದರ ಒತ್ತಡವೂ ಒಂದೇ ಅಲ್ವಾ, ಹಾಗೆಯೇ. ನಿಂತ ಎಸಿಯಲ್ಲಿ ಒತ್ತಡ ಇದಕ್ಕಿಂತ ತುಂಬಾ ಕೆಳಗಿದ್ದರೆ ಮಾತ್ರ ಖಾಲಿ ಅನ್ನಬಹುದು.

ಓಡುವ ಎಸಿಯಲ್ಲಿ ಬೇಕಾದದ್ದು ಸೂಪರ್‌ಹೀಟ್. ಹೆಸರು ಕೇಳಿ ಹೆದರಬೇಡಿ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಏರಿದಾಗ ನೀರು 100ರ ಬದಲು 120 ಡಿಗ್ರಿಯಲ್ಲಿ ಕುದಿಯುತ್ತದೆ. ಗ್ಯಾಸಿಗೂ ಹಾಗೆಯೇ, ಪ್ರತಿ ಒತ್ತಡಕ್ಕೂ ಒಂದು ಕುದಿಯುವ ಡಿಗ್ರಿ ಉಂಟು. ಪಿಟಿ ಚಾರ್ಟ್ ಅಂದರೆ ಅದರದ್ದೇ ಪಟ್ಟಿ, ಮೊಬೈಲ್ ಆ್ಯಪಿನಲ್ಲೂ ಸಿಗುತ್ತದೆ. ಆರ್410ಎಗೆ 120 ಪಿಎಸ್‌ಐ ಅಂದರೆ 5 ಡಿಗ್ರಿ, 143 ಅಂದರೆ 10 ಡಿಗ್ರಿ. ಆರ್32ಕ್ಕೆ ಎರಡು ಮೂರು ಪಿಎಸ್‌ಐ ಹೆಚ್ಚು ಅಷ್ಟೇ. ಆರ್22ಕ್ಕೆ 5 ಡಿಗ್ರಿಗೆ 70, 10 ಡಿಗ್ರಿಗೆ 84. ಕಾಯಿಲಿನೊಳಗೆ ದ್ರವವೆಲ್ಲ ಕುದಿದು ಮುಗಿದ ಮೇಲೆ ಆವಿ ಮಾತ್ರ ಉಳಿದು ಇನ್ನಷ್ಟು ಬಿಸಿಯಾಗುತ್ತದೆ. ದಪ್ಪ ಪೈಪಿನ ಡಿಗ್ರಿಯಿಂದ ಚಾರ್ಟಿನ ಡಿಗ್ರಿ ಕಳೆಯಿರಿ. ಉಳಿದದ್ದೇ ಸೂಪರ್‌ಹೀಟ್.

ಈಗ 95 ಪಿಎಸ್‌ಐಯ ಎರಡು ಮನೆಗಳನ್ನು ಮತ್ತೆ ನೋಡಿ. ಚಾರ್ಟಿನಲ್ಲಿ 95 ಅಂದರೆ ಸುಮಾರು ಮೈನಸ್ 2. ಉಳ್ಳಾಲದಲ್ಲಿ ಪೈಪ್ 19, ಸೂಪರ್‌ಹೀಟ್ 21. ಅಂದರೆ ಕಾಯಿಲಿನ ಆರಂಭದಲ್ಲೇ ದ್ರವ ಮುಗಿದು ಉಳಿದ ಕಾಯಿಲ್ ಸುಮ್ನೆ ಕೂತಿದೆ. ಗ್ಯಾಸ್ ಸಾಲದು. ಮಲ್ಪೆಯಲ್ಲಿ ಪೈಪ್ 0, ಸೂಪರ್‌ಹೀಟ್ 2. ದ್ರವ ಬೇಕಾದಷ್ಟು ಉಂಟು, ಕುದಿಸಲು ಬೆಚ್ಚನೆ ಗಾಳಿ ಬರುತ್ತಿಲ್ಲ. ಅಲ್ಲಿಗೆ ಗ್ಯಾಸ್ ಸೇರಿಸಿದರೆ ದ್ರವ ಹಾಗೆಯೇ ವಾಪಸ್ ಕಂಪ್ರೆಸರಿಗೆ ಹೋಗಿ ಅದನ್ನೇ ಕೊಲ್ಲಬಹುದು. ಕಂಪ್ರೆಸರಿನ ಕರೆಂಟ್ ಎರಡೂ ಕಡೆ ಕಡಿಮೆಯೇ ಇತ್ತು, ಕ್ಲ್ಯಾಂಪ್ ಮೀಟರ್ ಒಂದರಿಂದಲೂ ಇದು ಗೊತ್ತಾಗುತ್ತಿರಲಿಲ್ಲ.

ಪೈಪಿನ ಉಷ್ಣತೆ ಅಳೆಯುವುದರಲ್ಲಿ ಹುಡುಗರು ತುಂಬಾ ಎಡವುತ್ತಾರೆ. ದೂರದಿಂದಲೇ ಉಷ್ಣತೆ ಅಳೆಯುವ ಲೇಸರ್ ಗನ್ ಹೊಳೆಯುವ ತಾಮ್ರದ ಮೇಲೆ ತಪ್ಪು ಲೆಕ್ಕ ಕೊಡುತ್ತದೆ, ಗನ್ನೇ ಬಳಸುವುದಾದರೆ ಪೈಪಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಅದರ ಮೇಲೆ ಹಿಡಿಯಿರಿ. ನಾನು ಮಾಡುವುದು ಹೀಗೆ: ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಇನ್ಸುಲೇಶನ್ ಸರಿಸಿ, ಪೈಪಿನ ಬೆವರು ಒರೆಸಿ, ಸೆನ್ಸರನ್ನು ತಾಮ್ರಕ್ಕೆ ಒತ್ತಿ ಟೇಪ್ ಬಿಗಿದು, ಮೇಲೆ ಇನ್ಸುಲೇಶನ್ ಮತ್ತೆ ಮುಚ್ಚಿ ಐದು ನಿಮಿಷ ಕಾಯುವುದು. ಮುಚ್ಚದಿದ್ದರೆ ಹೊರಗಿನ ಬಿಸಿ ಸೇರಿ ಮೂರು ನಾಲ್ಕು ಡಿಗ್ರಿ ಜಾಸ್ತಿ ತೋರಿಸುತ್ತದೆ, ನೀವು ಬೇಡದ ಗ್ಯಾಸ್ ಹಾಕುತ್ತೀರಿ.

ಸೂಪರ್‌ಹೀಟ್ ಎಷ್ಟಿರಬೇಕು? ಕ್ಯಾಪಿಲ್ಲರಿ ಮೆಷಿನಿಗೆ ಒಂದೇ ಉತ್ತರ ಇಲ್ಲ, ಕೋಣೆಯ ತೇವದ ಮೇಲೆ ಬದಲಾಗುತ್ತದೆ. ಥರ್ಮಾಮೀಟರ್ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಎಸಿ ಗಾಳಿ ಎಳೆಯುವ ಜಾಗದಲ್ಲಿ ಹಿಡಿಯಿರಿ, ಇಳಿದು ನಿಂತ ಡಿಗ್ರಿಯೇ ವೆಟ್ ಬಲ್ಬ್. ಅದನ್ನು 3ರಿಂದ ಗುಣಿಸಿ, ಹೊರಗಿನ ಉಷ್ಣತೆ ಕಳೆದು, ಇನ್ನೂ 9 ಕಳೆದು, ಅರ್ಧ ಮಾಡಿ. ಹೊರಗೆ 32, ವೆಟ್ ಬಲ್ಬ್ 22 ಇದ್ದರೆ 12 ಅಥವಾ 13 ಬರುತ್ತದೆ. ಕೋಣೆ ಒಣಗಿ ವೆಟ್ ಬಲ್ಬ್ 19ಕ್ಕೆ ಇಳಿದರೆ ಅದೇ ಮೆಷಿನ್, ಅದೇ ಗ್ಯಾಸ್, 8 ಆಗುತ್ತದೆ. ಇದು ಅಂದಾಜಿನ ಸೂತ್ರ, ಮೂರು ಡಿಗ್ರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಜೂನ್ ತಿಂಗಳ ಮಳೆಯಲ್ಲಿ, ಕೋಣೆಯೆಲ್ಲ ತೇವ ಇರುವಾಗ 14 ನೋಡಿ ಗ್ಯಾಸ್ ಕಮ್ಮಿ ಅಂತ ಓಡುವುದಂತೂ ತಪ್ಪುತ್ತದೆ.

ಔಟ್‌ಡೋರ್ ಕಡೆಯ ತೊಂದರೆ ಸಮುದ್ರದ ಹತ್ತಿರದ ಮನೆಗಳಲ್ಲೇ ಜಾಸ್ತಿ. ಸುರತ್ಕಲ್, ಪಣಂಬೂರು, ಕಾಪು, ಮಲ್ಪೆ ಕಡೆ ಉಪ್ಪುಗಾಳಿ ಅಲ್ಯೂಮಿನಿಯಂ ಫಿನ್ನುಗಳನ್ನು ತಿಂದು ಹಾಕುತ್ತದೆ, ಬೆರಳು ತಾಗಿಸಿದರೆ ಬೂದಿಯ ಹಾಗೆ ಉದುರುತ್ತವೆ. ಆಗ ಬಿಸಿ ಹೊರಗೆ ಹೋಗುವುದಿಲ್ಲ. ಸಕ್ಷನ್ (ಓಡುವಾಗ ದಪ್ಪ ಪೈಪಿನ ಒತ್ತಡ) ಸ್ವಲ್ಪ ಮೇಲೆ, ಆಂಪಿಯರ್ ಮೆಷಿನಿನ ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಮೇಲೆ, ಮಧ್ಯಾಹ್ನ ಕಂಪ್ರೆಸರ್ ಟ್ರಿಪ್, ರಾತ್ರಿ ಮಾತ್ರ ಎಲ್ಲ ಸರಿ. "ರಾತ್ರಿ ಒಳ್ಳೆ ಕೂಲಿಂಗ್ ಉಂಟು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಔಟ್‌ಡೋರಿಗೇ ಹೋಗುತ್ತೇನೆ. ಫ್ಲ್ಯಾಟುಗಳಲ್ಲಿ ಇನ್ನೊಂದು ಕತೆ, ಅಂದಕ್ಕೆಂದು ಔಟ್‌ಡೋರಿಗೆ ಜಾಲಿ ಹೊಡೆದು ಮುಚ್ಚಿರುತ್ತಾರೆ. ಯೂನಿಟಿನ ಹಿಂದೆ ಗಾಳಿ ಒಳಗೆ ಹೋಗುವ ಜಾಗದಲ್ಲಿ ಥರ್ಮಾಮೀಟರ್ ಹಿಡಿಯಿರಿ. ಹೊರಗೆ 33 ಇದ್ದು ಅಲ್ಲಿ 42 ತೋರಿಸಿದರೆ ಅದು ಉಗುಳಿದ ಬಿಸಿಯನ್ನೇ ಮತ್ತೆ ಕುಡಿಯುತ್ತಿದೆ. ಬೇಕಾದದ್ದು ಗ್ಯಾಸ್ ಅಲ್ಲ, ಬಡಗಿ. ಜೊತೆಗೆ ವೋಲ್ಟೇಜ್ ಮತ್ತು ಔಟ್‌ಡೋರ್ ಫ್ಯಾನಿನ ಕೆಪಾಸಿಟರ್ ಕೂಡ ನೋಡಿಕೊಳ್ಳಿ. ತೊಳೆಯುವುದು ಕರೆಂಟ್ ತೆಗೆದು ಬರೀ ನೀರಿನಲ್ಲಿ, ಆಸಿಡ್ ಬೇಡ.

ಕೆಲವೊಮ್ಮೆ ಸಕ್ಷನ್ 20, 30ಕ್ಕೆ ಬಿದ್ದಿರುತ್ತದೆ, ನಿಲ್ಲಿಸಿದರೆ ಒತ್ತಡ ಏರಿ ಸಮ ಆಗಲು ತುಂಬಾ ಹೊತ್ತು ತಗೊಳ್ಳುತ್ತದೆ. ಅದು ಕ್ಯಾಪಿಲ್ಲರಿ ಚೋಕ್. ಇದಕ್ಕೆ ಉಲ್ಟಾ, ಸಕ್ಷನ್ 160ರ ಮೇಲೆ, ಆಂಪಿಯರ್ ಕಡಿಮೆ, ಪೈಪ್ ತಣ್ಣಗಿಲ್ಲ ಅಂದರೆ ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ. ಸಪೂರ ಪೈಪಿನ ವಾಲ್ವ್ ಮುಚ್ಚಿ ನೋಡಿ, ಒಳ್ಳೆ ಕಂಪ್ರೆಸರ್ ಬೇಗನೆ ಸೊನ್ನೆಯ ಹತ್ತಿರ ಎಳೆಯುತ್ತದೆ. ಎಳೆದ ಕೂಡಲೇ ನಿಲ್ಲಿಸಿ.

ನಿಜವಾಗಿ ಗ್ಯಾಸ್ ಸೋರಿದ್ದರೆ ಮೊದಲು ತೂತು ಹುಡುಕಿ. ಉಳ್ಳಾಲದಲ್ಲಿ ಪೈಪ್ ಜೋಡಿಸುವ ಫ್ಲೇರ್ ನಟ್ಟಿನ ಸುತ್ತ ಎಣ್ಣೆ ಪಸೆ ಕಂಡಿತು, ಸೋಪಿನ ನೊರೆ ಹಚ್ಚಿದಾಗ ಸಣ್ಣ ಗುಳ್ಳೆ ಒಂದೊಂದಾಗಿ ಎದ್ದವು. ಒತ್ತಡ ಹಾಕಿ ಪರೀಕ್ಷಿಸುವುದು ನೈಟ್ರೋಜನ್‌ನಲ್ಲಿ ಮಾತ್ರ. ಆಕ್ಸಿಜನ್ ಹಾಕಿದರೆ ಒಳಗಿನ ಎಣ್ಣೆಯ ಜೊತೆ ಸೇರಿ ಸ್ಫೋಟ ಆಗುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪಿನಲ್ಲಿ ಒಳಗಿನ ಗಾಳಿಯನ್ನು 500 ಮೈಕ್ರಾನ್‌ವರೆಗೆ ಎಳೆದು, ಪ್ಲೇಟಿನಲ್ಲಿ ಬರೆದಷ್ಟು ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕಿ. ಆರ್410ಎ ಎರಡು ಗ್ಯಾಸಿನ ಮಿಶ್ರಣ, ದ್ರವವಾಗಿಯೇ ಹಾಕಬೇಕು. ಇನ್ವರ್ಟರ್ ಎಸಿಗಂತೂ ತಕ್ಕಡಿಯೇ ಗತಿ, ಅದರ ಕಂಪ್ರೆಸರ್ ವೇಗ ಬದಲಾಯಿಸುತ್ತಾ ಇರುವುದರಿಂದ ಗೇಜಿನ ಮುಳ್ಳೂ ಆಂಪಿಯರೂ ಒಂದು ಕಡೆ ನಿಲ್ಲುವುದಿಲ್ಲ.

ಎಲ್ಲ ಸರಿಯಾದ ಮೇಲೆ ತಾರೀಕು, ಸಕ್ಷನ್, ಪೈಪಿನ ಡಿಗ್ರಿ, ಆಂಪಿಯರ್, ಹೊರಗಿನ ಉಷ್ಣತೆ ಇಷ್ಟನ್ನೂ ಬರೆದಿಡಿ. ಮುಂದಿನ ವರ್ಷ ಬಂದವರಿಗೆ ಹೋಲಿಸಲು ಬೇಕಾಗುತ್ತದೆ. ಔಟ್‌ಡೋರಿನ ಮೈಮೇಲೆ ಮಾರ್ಕರಿನಲ್ಲಿ ಬರೆದರೆ ನಮ್ಮಲ್ಲಿ ಒಂದು ಮಳೆಗಾಲವೂ ಉಳಿಯುವುದಿಲ್ಲ, ಒಳಗಿನ ಯೂನಿಟಿನ ಮುಚ್ಚಳದ ಹಿಂದೆ ಬರೆಯಿರಿ.