ಕಾಡಿನ ಔಷಧಿ ಗಿಡ: ಸಂತತಿ ಉಳಿಸಿ ಕೊಯ್ಯುವುದು ಹೇಗೆ?

ಎಲೆ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ. ಬೇರು ಅಗೆದರೆ ಗಿಡವೇ ಹೋಯಿತು. ವ್ಯಾಪಾರಿ ಎಷ್ಟು ಕೇಳಿದ ಎಂಬುದನ್ನು ಬದಿಗಿಟ್ಟು, ಯಾವ ಭಾಗ ಬೇಕು ಎಂಬಲ್ಲಿಂದ ಕೊಯ್ಲಿನ ಲೆಕ್ಕ ಶುರು ಮಾಡಿ.

ಮೊದಲು ಎಣಿಕೆ. ಗಿಡ ಬೆಳೆಯುವ ಕಡೆ ಅಲ್ಲಲ್ಲಿ 10 ಮೀಟರ್ ಉದ್ದಗಲದ ಚೌಕಗಳನ್ನು ಹಗ್ಗ ಹಿಡಿದು ಗುರುತಿಸಿ. ದಟ್ಟವಾಗಿರುವ ಜಾಗಗಳನ್ನೇ ಆರಿಸಿಕೊಂಡರೆ ಲೆಕ್ಕ ಉಬ್ಬುತ್ತದೆ, ಎಚ್ಚರ. ಸಸಿ, ಎಳೆಗಿಡ, ಹೂಬಿಡುವ ಗಿಡ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬಲಿತ ಗಿಡ ಬೇಕಾದಷ್ಟಿದ್ದು ಸಸಿಗಳೇ ಕಾಣದಿದ್ದರೆ ಆ ಜಾಗವನ್ನು ಆ ವರ್ಷ ಮುಟ್ಟಬೇಡಿ. ಅಲ್ಲಿ ಕೊಯ್ಯಲು ಅನುಮತಿ ಬೇಕೇ ಎಂದೂ ಆಗಲೇ ವಿಚಾರಿಸಿ.

ತೊಗಟೆ ತೆಗೆಯುವಾಗಲೇ ಹೆಚ್ಚು ಅನಾಹುತ. ಎಲೆಯಲ್ಲಿ ತಯಾರಾದ ಆಹಾರ ಒಳತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ಕಾಂಡದ ಸುತ್ತ ಉಂಗುರದಂತೆ ಸುಲಿದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಆದರೆ ಕೆಲಕಾಲ ಹಸಿರಾಗಿಯೇ ನಿಂತಿರುವುದರಿಂದ, ಸುಲಿದವರಿಗೆ ತಪ್ಪು ಗೊತ್ತಾಗುವುದೇ ಇಲ್ಲ. ಬಲಿತ ಮರದಿಂದ ಮಾತ್ರ, ಉದ್ದುದ್ದಕ್ಕೆ ಪಟ್ಟಿಯಾಗಿ, ಸುತ್ತಳತೆಯ ಕಾಲುಭಾಗ ಮೀರದಂತೆ ತೆಗೆಯಿರಿ. ಕತ್ತಿ ಒಳಗಿನ ಕಟ್ಟಿಗೆಗೆ ತಾಗಬಾರದು. ಹೊಸ ತೊಗಟೆ ಹುಟ್ಟಿಸುವ ತೆಳುಪದರ ಅದರ ಮೇಲೇ ಇರುತ್ತದೆ. ಗಾಯ ಪೂರ್ತಿ ಮುಚ್ಚುವ ತನಕ ಎರಡನೇ ಪಟ್ಟಿ ಬೇಡ. ಕೊಂಬೆಯ ತೊಗಟೆ ಸಾಕಾಗುವುದಾದರೆ ಕಾಂಡದ ತಂಟೆಗೇ ಹೋಗಬೇಡಿ.

ಬೇರು, ಗೆಡ್ಡೆಗಳನ್ನು ಅಗೆಯುವುದು ಬೀಜ ಬಲಿತು ಉದುರಿದ ಮೇಲೆ. ಹೂವಿರುವಾಗ ಅಗೆದರೆ ಈ ಗಿಡವೂ ಇಲ್ಲ, ಮುಂದಿನದೂ ಇಲ್ಲ. ಗೆಡ್ಡೆಯಲ್ಲಿ ಕಣ್ಣಿರುವ ತುಂಡನ್ನು ಅದೇ ಗುಂಡಿಯಲ್ಲಿ ಹೂತು ಮಣ್ಣು ಮುಚ್ಚಿ. ಸರ್ಪಗಂಧಿಯ ಬೀಜ ಮೊಳೆಯುವ ಪ್ರಮಾಣ ಕಡಿಮೆ, ಆದರೆ ಬೀಜದಿಂದಲೂ ಬೇರು, ಕಾಂಡಗಳ ತುಂಡಿನಿಂದಲೂ ಗಿಡವಾಗುತ್ತದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ 2ನೇ ಅನುಬಂಧದಲ್ಲೂ ಅದರ ಹೆಸರಿದೆ. ಅಂಥದ್ದನ್ನು ಕಾಡಿನಲ್ಲಿ ಅಗೆಯುವುದಕ್ಕಿಂತ ಹೊಲದಲ್ಲಿ ಬೆಳೆಸುವುದೇ ಜಾಣತನ.

ಎಲೆಯಾದರೆ ಒಂದು ಗಿಡದಿಂದ ಮೂರರಲ್ಲಿ ಒಂದು ಪಾಲು ಸಾಕು. ಹಣ್ಣಿಗಾಗಿ ಕೊಂಬೆ ಕಡಿಯಬೇಡಿ. ಬೀಜಕ್ಕೆಂದು ಒಂದಿಷ್ಟು ಹಣ್ಣು ಮರದಲ್ಲೇ ಇರಲಿ.

ಕೈಗೆ ಬರಬೇಕಾದ ಹಣ ಸೋರುವುದು ಒಣಗಿಸುವಲ್ಲಿ. ಹಸಿ ಎಲೆಯನ್ನು ರಾತ್ರಿಯಿಡೀ ರಾಶಿ ಹಾಕಿದರೆ ಒಳಗೆ ಕಾವು ಏರಿ ಕಪ್ಪಾಗುತ್ತದೆ. ಸುವಾಸನೆಯ ಎಲೆಗಳನ್ನು ನೆರಳಲ್ಲಿ, ಜಾಲರಿಯ ಮೇಲೆ, 2–3 ಸೆಂ.ಮೀ. ದಪ್ಪ ಮೀರದಂತೆ ಹರಡಿ. ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೈಲ ಹಾರಿಹೋಗುತ್ತದೆ. ಬೇರನ್ನು ನೀರಲ್ಲಿ ನೆನೆಹಾಕದೆ ಬೇಗ ತೊಳೆದು, ಕತ್ತರಿಸಿಯೇ ಒಣಗಿಸಿ. ಇಡೀ ಬೇರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ತೊಟ್ಟು ಬಾಗಿದರೆ ಇನ್ನೂ ಹಸಿ, ಪಟ್ಟನೆ ಮುರಿದರೆ ಆಯಿತು. ಬಿಸಿ ಆರುವ ಮೊದಲೇ ಚೀಲ ಕಟ್ಟಿದರೆ ಬೂಷ್ಟು ಖಾತ್ರಿ.

ಪ್ರತಿ ಚೀಲದ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಭಾಗ, ಜಾಗ, ದಿನಾಂಕ, ತೂಕ ಬರೆಯಿರಿ. ಎರಡು ಜಾಗದ ಮಾಲನ್ನು ಬೆರೆಸಬೇಡಿ. ಗಿಡದ ಗುರುತನ್ನು ಕೊಯ್ಯುವಾಗಲೇ, ಎಲೆ, ಹೂ ನೋಡಿ ಖಚಿತಪಡಿಸಿಕೊಳ್ಳಿ. ಅಡುಗೆಗೆ ಬಳಸುವ ಚಕ್ರಮೊಗ್ಗನ್ನೂ ವಿಷದ ಜಪಾನಿ ಚಕ್ರಮೊಗ್ಗನ್ನೂ ಒಣಗಿದ ಮೇಲೆ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಬಲು ಕಷ್ಟ.